ಮನೆಹೆಸರಿಗಾಗಿ ಆಡುವ ಆಟ

ಎಲ್ಲರಿಗೂ ನಮಸ್ಕಾರ.

ಕೊಡಗಿನ ಹಾಕಿ ಅಂದ ಕೂಡಲೇ ದೊಡ್ಡ ಆಟಗಾರರೇ ನೆನಪಾಗುತ್ತಾರೆ. 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಎಂ.ಎಂ. ಸೋಮಯ್ಯ, ಇನ್ನೂ ಎಷ್ಟೋ ಜನ. ಇವತ್ತು ನಾನು ಮಾತಾಡುವುದು ದೇಶದ ತಂಡಕ್ಕೆ ಯಾವತ್ತೂ ಆಡದವರ ಬಗ್ಗೆ. ವರ್ಷಕ್ಕೊಮ್ಮೆ, ತಮ್ಮ ಮನೆಹೆಸರಿಗಾಗಿ ಸ್ಟಿಕ್ ಹಿಡಿಯುವವರ ಬಗ್ಗೆ.

ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಗಿದ್ದು 1997ರಲ್ಲಿ, ವಿರಾಜಪೇಟೆ ಹತ್ತಿರದ ಕರಡದಲ್ಲಿ. ಪಾಂಡಂಡ ಕುಟ್ಟಪ್ಪನವರು ಮುಂದೆ ನಿಂತು ನಡೆಸಿದರು. ಆಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ ತಂಡಗಳ ಸಂಖ್ಯೆ 360. ಪ್ರತಿ ವರ್ಷ ಒಂದೊಂದು ಕುಟುಂಬ ಹಬ್ಬದ ಹೊಣೆ ಹೊರುತ್ತದೆ, ಕಪ್ಪಿಗೂ ಆ ಕುಟುಂಬದ ಹೆಸರೇ.

ನಿಯಮ ಸರಳ. ತಂಡದಲ್ಲಿ ಇರುವವರೆಲ್ಲ ಒಂದೇ ಒಕ್ಕದವರಾಗಿರಬೇಕು, ಅಂದರೆ ಒಂದೇ ಮನೆಹೆಸರಿನ ಕುಟುಂಬದವರು. ಎಷ್ಟೇ ಒಳ್ಳೆಯ ಆಟಗಾರನಾದರೂ ಹೊರಗಿನಿಂದ ಕರೆತರುವಂತಿಲ್ಲ. ಹಾಗಾಗಿ ಇರುವವರಲ್ಲೇ ತಂಡ ಕಟ್ಟಬೇಕು. ಕಾಲೇಜಿನ ಹುಡುಗ, ಸೈನ್ಯದಿಂದ ನಿವೃತ್ತರಾದ ಅವನ ದೊಡ್ಡಪ್ಪ, ಹೈಸ್ಕೂಲಿನ ಹುಡುಗಿ, ಎಲ್ಲರೂ ಒಂದೇ ತಂಡ. ಗಂಡಸರು ಹೆಂಗಸರು ಒಟ್ಟಿಗೇ ಆಡುತ್ತಾರೆ. ದೊಡ್ಡ ಒಕ್ಕಗಳಿಗೆ ಇದು ಕಷ್ಟವಲ್ಲ. ಚಿಕ್ಕ ಒಕ್ಕಗಳಿಗೆ ಹನ್ನೊಂದು ಜನ ಹೊಂದಿಸುವುದೇ ದೊಡ್ಡ ಕೆಲಸ. ಬೆಂಗಳೂರಿಗೆ ಫೋನ್, ಮೈಸೂರಿಗೆ ಫೋನ್, ದುಬೈಗೆ ಫೋನ್. "ನೀನು ಬಾರದಿದ್ದರೆ ನಮ್ಮ ತಂಡವೇ ಇಲ್ಲ" ಅಂದರೆ ರಜೆ ಹಾಕದೆ ಇರಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ?

ಏಪ್ರಿಲ್ ಹೊತ್ತಿಗೆ ಕಾಫಿ ಕೊಯ್ಲು ಮುಗಿದಿರುತ್ತದೆ, ಮಕ್ಕಳಿಗೆ ರಜೆ. ನಾಪೋಕ್ಲುವಿನ ಮೈದಾನದಲ್ಲಿ ನಾನು ಕಂಡ ಒಂದು ಪಂದ್ಯ ಹೇಳುತ್ತೇನೆ. ತಲೆ ಪೂರ್ತಿ ಬೆಳ್ಳಗಾದ ಒಬ್ಬ ಹಿರಿಯರು ಗೋಲಿನ ಮುಂದೆ ನಿಂತಿದ್ದರು. ಎರಡೂ ಮಂಡಿಗೆ ಪಟ್ಟಿ. ಓಡಲು ಆಗದು. ಆದರೆ ಎದುರಾಳಿ ಹೊಡೆದ ಚೆಂಡು ಬಂದಾಗ ಸ್ಟಿಕ್ ಅಡ್ಡ ಇಟ್ಟು ನಿಲ್ಲಿಸಿ, ಬಲಕ್ಕೆ ನೋಡದೆಯೇ ತಳ್ಳಿದರು. ಅಲ್ಲಿ ಅವರ ಮೊಮ್ಮಗಳು ಇದ್ದಳು. ಅವಳು ಅಲ್ಲಿರುತ್ತಾಳೆ ಅಂತ ಅವರಿಗೆ ಗೊತ್ತಿತ್ತು. ಆ ಪಂದ್ಯ ಅವರು ಸೋತರು. ಆದರೆ ಹೊರಗೆ ಕುಳಿತ ಅವರ ಒಕ್ಕದವರು ಆ ಒಂದು ಪಾಸ್ ಬಗ್ಗೆ ಊಟ ಮುಗಿಯುವವರೆಗೂ ಮಾತಾಡುತ್ತಲೇ ಇದ್ದರು.

ಇನ್ನು ನಂಬಿಕೆಯ ಮಾತಿಗೆ ಬರುತ್ತೇನೆ. ಕೊಡವರಿಗೆ ಕಾವೇರಮ್ಮೆ ಇದ್ದಾಳೆ, ಪಾಡಿ ಇಗ್ಗುತ್ತಪ್ಪ ಇದ್ದಾನೆ. ಆದರೆ ದಿನನಿತ್ಯದ ಭಕ್ತಿ ಸುತ್ತುವುದು ಗುರುಕಾರೋಣನ ಸುತ್ತ, ಅಂದರೆ ಒಕ್ಕದ ಮೂಲ ಹಿರಿಯನ ಸುತ್ತ. ಐನ್‌ಮನೆಯ, ಅಂದರೆ ಒಕ್ಕದ ಮೂಲ ಮನೆಯ, ನಡುಕೋಣೆಯಲ್ಲಿ ದೀಪ ಹಚ್ಚುವುದು, ತೀರಿಕೊಂಡ ಹಿರಿಯರಿಗೆ ಮೀದಿ (ಎಡೆ) ಇಡುವುದು, ಹಿರಿಯರ ಗುಡಿಯಾದ ಕೈಮಡದ ಮುಂದೆ ಕೈಮುಗಿಯುವುದು. ಇದನ್ನೆಲ್ಲ ಮನೆಯವರೇ ಮಾಡುತ್ತಾರೆ. ಒಕ್ಕದ ಹಿರಿಯನೇ ಮುಂದಾಳು.

ಆಯುಧ ಪೂಜೆಯ ಕೈಲ್ ಪೊಳ್ದ್ ಹಬ್ಬ ನೋಡಿ. ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುತ್ತದೆ. ಕೋವಿ, ಒಡಿಕತ್ತಿಗಳನ್ನು ದೀಪದ ಮುಂದೆ ಇಟ್ಟು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಪಂದ್ಯ ಆಡುತ್ತಾರೆ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಆಟ. ಎರಡರಲ್ಲೂ ಅದೇ ಜನ, ಅದೇ ಕೋವಿ. ಸುಗ್ಗಿ ಹಬ್ಬವಾದ ಪುತ್ತರಿಯಲ್ಲೂ ಅಷ್ಟೇ. ಕದಿರು ತಂದು ಮನೆ ತುಂಬಿಸಿದ ಮೇಲೆ ಊರವರು ಸೇರುವ ಬಯಲಾದ ಮಂದ್‌ನಲ್ಲಿ ಕೋಲಾಟ ನಡೆಯುತ್ತದೆ. ಆಟಕ್ಕೂ ಪೂಜೆಗೂ ನಡುವೆ ಗೋಡೆ ಕಟ್ಟುವ ಅಭ್ಯಾಸವೇ ಇಲ್ಲಿ ಇರಲಿಲ್ಲ.

ಹಾಕಿ ಬಂದು ಕೂತಿದ್ದು ಈ ಜಾಗದಲ್ಲಿ ಅಂತ ನನಗೆ ಅನ್ನಿಸುತ್ತದೆ. ಕೊಡಗಿಗೆ ಹಾಕಿಯೇ ಧರ್ಮ ಅಂತ ಪತ್ರಿಕೆಗಳು ಬರೆಯುತ್ತವೆ. ಕೇಳಲು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಧರ್ಮ ಮೊದಲಿಂದಲೂ ಇತ್ತು. ಕಾರೋಣನ ಮಕ್ಕಳು ನಾವು, ಒಟ್ಟಿಗೆ ಸೇರಬೇಕು ಅನ್ನುವ ನಂಬಿಕೆ ಇತ್ತು. ತೋಟ ಮಾರಿ ಪಟ್ಟಣ ಸೇರಿದ ಮೇಲೆ, ಐನ್‌ಮನೆಗೆ ವರ್ಷಕ್ಕೊಮ್ಮೆ ಹೋಗುವುದೂ ತಪ್ಪಿದ ಮೇಲೆ, ಆ ನಂಬಿಕೆಗೆ ಸೇರುವ ಒಂದು ಜಾಗ ಬೇಕಿತ್ತು. ಹಾಕಿ ಮೈದಾನ ಅದನ್ನು ಕೊಟ್ಟಿತು. ಬೆನ್ನ ಮೇಲೆ ಮನೆಹೆಸರು ಬರೆದ ಜೆರ್ಸಿ ತೊಟ್ಟ ಹುಡುಗ ಅಪ್ಪನನ್ನು ಕೇಳುತ್ತಾನೆ: ನಮ್ಮ ಐನ್‌ಮನೆ ಎಲ್ಲಿ? ನಮ್ಮ ಕಾರೋಣ ಯಾರು?

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಕೊಡಗು ನಲುಗಿತು. ಆಮೇಲೆ ಕೋವಿಡ್. ನಾಲ್ಕು ವರ್ಷ ಹಬ್ಬವೇ ಇರಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದವರು ಮತ್ತೆ ನಡೆಸಿದಾಗ ಜನ ಹೇಗೆ ಬಂದರು ಗೊತ್ತಾ? ಕುಪ್ಯ (ಉದ್ದ ಅಂಗಿ), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ ತೊಟ್ಟ ಹಿರಿಯರು, ಕೊಂಬು-ಕೊಟ್ಟು ವಾದ್ಯಗಳ ವಾಲಗ. ಆ ನಡುವಿನ ವರ್ಷಗಳಲ್ಲಿ ತೀರಿಕೊಂಡವರ ಹೆಸರು ಪ್ರತಿ ಒಕ್ಕದ ಮಾತಲ್ಲೂ ಬರುತ್ತಿತ್ತು. ಅವರ ಸ್ಥಾನದಲ್ಲಿ ಹೊಸ ಹುಡುಗರು ಆಡುತ್ತಿದ್ದರು.

ನಿಮ್ಮಲ್ಲಿ ಹಲವರು ಫೈನಲ್ ಮಾತ್ರ ನೋಡುತ್ತೀರಿ, ಅಲ್ವಾ? ಬರುವ ವರ್ಷ ಮೊದಲ ಸುತ್ತಿಗೇ ಬನ್ನಿ. ಬೆಳಿಗ್ಗೆ ಬೇಗ ಬಂದು, ಹೆಸರೇ ಕೇಳಿರದ ಯಾವುದಾದರೂ ಚಿಕ್ಕ ಒಕ್ಕದವರ ಪಕ್ಕ ಕುಳಿತುಕೊಳ್ಳಿ. ಅವರೇ ಕರೆದು ಊಟ ಹಾಕುತ್ತಾರೆ, ಮೈದಾನದಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಒಬ್ಬೊಬ್ಬರನ್ನೇ ತೋರಿಸಿ ಹೇಳುತ್ತಾರೆ.