ಸಾಲದ ಪೆನ್ನಿ ಕೇಳಲು ಹೋದವರು

ಕೇಳುಗರೆಲ್ಲರಿಗೂ ನಮಸ್ಕಾರ.

"ಕಾಲ ಕೆಟ್ಟುಹೋಯ್ತು ಪಾಸ್ಟರೇ." ಆರಾಧನೆ ಮುಗಿಸಿ ಬಾಗಿಲ ಹತ್ತಿರ ನಿಂತರೆ ನನ್ನ ಕಿವಿಗೆ ಜಾಸ್ತಿ ಬೀಳುವ ಮಾತು ಇದೇ. ಕುಡಿತ, ಲಂಚ, ಸುಳ್ಳು, ಮುರಿದ ಮದುವೆಗಳು. ಪಟ್ಟಿ ದೊಡ್ಡದಿದೆ, ಸುಳ್ಳೂ ಅಲ್ಲ. ಆದರೆ ಆ ಪಟ್ಟಿಯಲ್ಲಿ ಹೇಳುವವರ ಹೆಸರು ಮಾತ್ರ ಯಾವತ್ತೂ ಇರುವುದಿಲ್ಲ, ಅಲ್ವಾ?

ಇವತ್ತು ನಾನು ಹೇಳುವುದು ಒಂದೇ ವಿಷಯ. ಸಭೆ, ಅಂದರೆ ಚರ್ಚಿಗೆ ಸೇರಿದ ನಾವೆಲ್ಲ, ಲೋಕವನ್ನು ಬೈಯುತ್ತಾ ಕೂರಬಾರದು. ಮೊದಲು ತನ್ನ ಮನೆ ನೋಡಿಕೊಳ್ಳಬೇಕು, ಆಮೇಲೆ ಎದ್ದು ಹೋಗಿ ಬಾಗಿಲು ತಟ್ಟಬೇಕು. ನ್ಯಾಯತೀರ್ಪು ದೇವರ ಮನೆಯಿಂದಲೇ ಶುರುವಾಗುತ್ತದೆ ಅಂತ ಯೇಸುವಿನ ಶಿಷ್ಯ ಪೇತ್ರ ಬೈಬಲಿನಲ್ಲಿ ಬರೆದಿದ್ದಾನೆ. ಕೊರಿಂಥ ಪಟ್ಟಣದ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲ ಊರಿನವರನ್ನು ಬಿಟ್ಟು ಸಭೆಯವರನ್ನೇ ತರಾಟೆಗೆ ತೆಗೆದುಕೊಂಡ. ಹೊರಗಿನವರ ವಿಚಾರ ದೇವರು ನೋಡಿಕೊಳ್ಳುತ್ತಾನೆ ಅಂದ. ಇನ್ನು "ಹಿಂದಿನ ಕಾಲವೇ ಚೆನ್ನಾಗಿತ್ತು" ಅನ್ನುವವರು ದಯವಿಟ್ಟು ಬೈಬಲಿನ ಪ್ರಸಂಗಿ ಪುಸ್ತಕದ 7ನೇ ಅಧ್ಯಾಯದ 10ನೇ ವಚನ ತೆಗೆದು ಓದಿ. ಹಾಗೆ ಕೇಳುವುದು ಜಾಣತನವಲ್ಲ ಅಂತ ಅಲ್ಲಿ ನೇರವಾಗಿಯೇ ಇದೆ.

ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ವಿದ್ಯಾರ್ಥಿಗಳು ಬೇಜಾರು ಮಾಡಿಕೊಂಡರೂ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಜಿನ್ ಅನ್ನುವ ಅಗ್ಗದ ಮದ್ಯ ಮನೆಮನೆಗಳನ್ನು ಹಾಳುಮಾಡುತ್ತಿದ್ದ ಕಾಲ ಅದು. ಜಾನ್ ವೆಸ್ಲಿ ಅಂತ ಒಬ್ಬ ಬೋಧಕ. ಎಲ್ಲವೂ ಅಚ್ಚುಕಟ್ಟಾಗಿರಬೇಕು ಅನ್ನುವ ಮನುಷ್ಯ. ಚರ್ಚಿನ ಹೊರಗೆ ಆತ್ಮಗಳನ್ನು ರಕ್ಷಿಸುವುದೇ ಹೆಚ್ಚುಕಡಿಮೆ ಪಾಪ ಅಂದುಕೊಂಡಿದ್ದನಂತೆ! ಅಂಥವನು 1739ರ ಏಪ್ರಿಲ್‌ನಲ್ಲಿ ಬ್ರಿಸ್ಟಲ್ ಊರಲ್ಲಿ ಬಯಲಿಗೆ ಬಂದು ಪ್ರಸಂಗ ಮಾಡಿದ. ಜನ ಸೇರಿದರು. ಅವರಿಗೊಂದು ಕಟ್ಟಡ ಎದ್ದಿತು. ಕಟ್ಟಡದ ಜೊತೆಗೆ ಸಾಲವೂ ಬಂತು.

1742ರಲ್ಲಿ ಆ ಸಾಲ ತೀರಿಸುವುದು ಹೇಗೆ ಅಂತ ಎಲ್ಲರೂ ಕೂತು ಮಾತಾಡಿದರು. ಕ್ಯಾಪ್ಟನ್ ಫಾಯ್ ಎಂಬುವನು, ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ, ಅಂದರೆ ಅಲ್ಲಿಯ ಒಂದು ಚಿಲ್ಲರೆ ನಾಣ್ಯ, ಕೊಡಲಿ ಅಂದ. ಬಡವರೇ ಜಾಸ್ತಿ ಇದ್ದಾರೆ, ಅವರೆಲ್ಲಿಂದ ಕೊಡುತ್ತಾರೆ ಅಂತ ಇನ್ನೊಬ್ಬ ಅಡ್ಡ ಹಾಕಿದ. ಆಗ ಫಾಯ್ ಏನಂದ ಗೊತ್ತಾ? ಎಲ್ಲರಿಗಿಂತ ಬಡವರಾದ 11 ಜನರನ್ನು ನನಗೆ ಒಪ್ಪಿಸಿ. ವಾರವಾರ ಅವರ ಹತ್ತಿರ ಹೋಗುತ್ತೇನೆ. ಕೊಟ್ಟರೆ ಸರಿ, ಇಲ್ಲದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಸರಿ, ಇನ್ನೂ ಕೆಲವರು ಹೀಗೇ ಒಂದೊಂದು ಗುಂಪು ವಹಿಸಿಕೊಂಡರು. ಆ ಮುಖಂಡರು ಪೆನ್ನಿ ಕೇಳಲು ಹೊರಟರು. ಒಂದು ಮನೆಯಲ್ಲಿ ಗಂಡ ಹೆಂಡತಿಯ ಜೊತೆ ಜಗಳಕ್ಕೆ ನಿಂತಿದ್ದ. ಇನ್ನೊಂದು ಕಡೆ ಒಬ್ಬ ಕುಡಿದಿದ್ದ. ಇವರೆಲ್ಲ ಯಾರು? ಕೂಟಕ್ಕೆ ಬರುವವರೇ! ಹೋದವರು ವೆಸ್ಲಿಗೆ ಬಂದು ತಿಳಿಸಿದರು. ಇಷ್ಟು ದಿನ ನಮಗೆ ಬೇಕಾಗಿದ್ದು ಇದೇ ಅಂತ ಅವನಿಗೆ ಹೊಳೆಯಿತು. ಸುಮಾರು 12 ಜನಕ್ಕೊಬ್ಬ ಮುಖಂಡ. ವಾರಕ್ಕೊಮ್ಮೆ ನೋಡಬೇಕು, ಹೇಗೆ ಬದುಕುತ್ತಿದ್ದೀರಿ ಅಂತ ವಿಚಾರಿಸಬೇಕು, ಬುದ್ಧಿ ಹೇಳಬೇಕು, ಸಮಾಧಾನ ಮಾಡಬೇಕು. ಪ್ರಸಂಗಪೀಠದಿಂದ ಕಾಣದೇ ಇದ್ದದ್ದು ಹೊಸ್ತಿಲಲ್ಲಿ ಕಂಡಿತು ನೋಡಿ. ಪೆನ್ನಿ ಒಂದು ನೆಪ ಅಷ್ಟೇ.

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಮಕ್ಕಳ ಬಗ್ಗೆಯೂ ಹೇಳಬೇಕಿತ್ತು, ಅದು ಇನ್ನೊಮ್ಮೆ. ಜಾನ್ ನ್ಯೂಟನ್ ಅನ್ನುವ ಇಂಗ್ಲಿಷ್ ನಾವಿಕನ ಬಗ್ಗೆ ಎರಡೇ ಮಾತು ಹೇಳಿಬಿಡುತ್ತೇನೆ. 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ ದೇವರ ಕಡೆ ತಿರುಗಿದವನು. ಆಮೇಲೂ 1754ರ ತನಕ ಗುಲಾಮರನ್ನು ಮಾರಲು ಸಾಗಿಸುವ ಹಡಗಿನ ಕೆಲಸದಲ್ಲೇ ಇದ್ದ. ಪ್ರಾರ್ಥನೆ ಮಾಡುತ್ತಿದ್ದ, ಬೈಬಲ್ ಓದುತ್ತಿದ್ದ, ಕೆಳಗೆ ಮನುಷ್ಯರನ್ನು ಸರಪಳಿಯಲ್ಲಿ ಕಟ್ಟಿಹಾಕಿತ್ತು. ಆ ವ್ಯಾಪಾರದ ವಿರುದ್ಧ ಅವನು ಬರೆದು ಅಚ್ಚು ಹಾಕಿಸಿದ್ದು 1788ರಲ್ಲಿ. ದೇವರ ಕಡೆ ತಿರುಗಿದವನಿಗೂ ತನ್ನ ಮನೆ ನೋಡಿಕೊಳ್ಳಲು ಎಷ್ಟು ಕಾಲ ಹಿಡಿಯಿತು, ಲೆಕ್ಕ ಹಾಕಿ, 40 ವರ್ಷ! ಮುಂದಿನ ಭಾನುವಾರ "ಲೋಕ ಕೆಟ್ಟಿತು" ಅಂತ ಪ್ರಸಂಗ ಬರೆಯಲು ಕೂತ ಸಭಾಪಾಲಕರೇ, ಪೆನ್ನು ಸ್ವಲ್ಪ ಕೆಳಗಿಡಿ. ಒಂದು ತಿಂಗಳಿಂದ ಸಭೆಗೆ ಬಾರದವರು ಯಾರಿದ್ದಾರೆ? ಅವರ ಮನೆಗೆ ಹೋಗಿ. ಫೋನ್ ಸಾಲದು. ಬಾಗಿಲು ತಟ್ಟಿ. ಸುಮ್ನೆ ಕೂತು ಕೇಳಿಸಿಕೊಳ್ಳಿ. ದಯವಿಟ್ಟು ಕಾಣಿಕೆ ಕವರು ಮಾತ್ರ ತೆಗೆದುಕೊಂಡು ಹೋಗಬೇಡಿ.

ನಮಸ್ಕಾರ.