ಕೊನೆಯ ಒಂದಕ್ಷರ

ಇದು ಪ್ರಯೋಗದ ಇಲಿಗಳನ್ನು ಸಾಕುವ ನಮ್ಮ ಅನಿಮಲ್ ಹೌಸ್ ಹೊರಗಿನ ಕಾರಿಡಾರ್. ಒಳಗೆ ಕ್ಯಾಮೆರಾ ಬಿಡುವುದಿಲ್ಲ. ಸುಮ್ನೆ ಈ ಗೋಡೆ ನೋಡುತ್ತಾ ಕೇಳಿ.

ಪಿಎಚ್‌ಡಿಯ ಮೊದಲ ವರ್ಷ. ಇಲಿಗಳಿಗೆ ಎಲ್‌ಪಿಎಸ್ ಚುಚ್ಚಿದ್ದೆ. ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿರುವ ವಸ್ತು ಅದು. ಕೆಲವೇ ಗಂಟೆಯಲ್ಲಿ ಇಲಿ ಮುದುರಿ ಕೂರಬೇಕು, ರೋಮ ಕೆದರಬೇಕು. ನನ್ನವು ಆರಾಮಾಗಿ ತಿನ್ನುತ್ತಿದ್ದವು! ಎಲ್‌ಪಿಎಸ್ ಕೆಟ್ಟಿರಬೇಕು ಅಂತ ಹೊಸ ಬಾಟಲಿ ತೆಗೆದೆ. ಮತ್ತೆ ಅದೇ ಕಥೆ. ಎರಡು ವಾರ ಹಾಳು. ಕೊನೆಗೆ ಸೀನಿಯರ್ ಅಕ್ಕ ಪಂಜರದ ಚೀಟಿ ಓದಿ ನಕ್ಕರು. ಬೇಕಿದ್ದದ್ದು ಸಿ3ಎಚ್/ಎಚ್‌ಇಎನ್ ಅನ್ನೋ ತಳಿಯ ಇಲಿ. ನಾನು ಆರ್ಡರ್ ಬರೆದದ್ದು ಸಿ3ಎಚ್/ಎಚ್‌ಇಜೆ.

ಜೆ ಅಂದರೆ ಜಾಕ್ಸನ್. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಲ್ಯಾಬೊರೇಟರಿ. ಎರಡೂ ಒಂದೇ ಮನೆತನದ ಇಲಿಗಳು, ಆದರೆ ಅಲ್ಲಿ ಬೆಳೆದ ಕವಲಿನಲ್ಲಿ ಟಿಎಲ್‌ಆರ್4 ಅನ್ನೋ ಜೀನ್ ಕೆಟ್ಟಿದೆ. ಅದರ ಪ್ರೋಟೀನಿನ 712ನೇ ಜಾಗದಲ್ಲಿ ಪ್ರೋಲಿನ್ ಅನ್ನೋ ಅಮೈನೋ ಆಮ್ಲ ಇರಬೇಕಿತ್ತು, ಹಿಸ್ಟಿಡಿನ್ ಬಂದು ಕೂತಿದೆ. ಅಷ್ಟೇ! 1998ರಲ್ಲಿ ಇದನ್ನು ಪತ್ತೆ ಮಾಡಿದ್ದು ಬ್ರೂಸ್ ಬಾಯ್ಟ್ಲರ್ ತಂಡ. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಟಿಎಲ್‌ಆರ್4 ಅಂದರೆ ಮನೆಬಾಗಿಲ ನಾಯಿ ಅಂದುಕೊಳ್ಳಿ. ಎಲ್‌ಪಿಎಸ್ ಕಂಡರೆ ಬೊಗಳುತ್ತದೆ. ಆ ಸದ್ದಿಗೆ ಉರಿಯೂತ ಎಬ್ಬಿಸುವ ಟಿಎನ್‌ಎಫ್ ಥರದ ಪ್ರೋಟೀನುಗಳು ರಕ್ತಕ್ಕೆ ನುಗ್ಗುತ್ತವೆ. ರಕ್ತನಾಳ ಸೋರುತ್ತದೆ, ಬಿಪಿ ಬೀಳುತ್ತದೆ, ಕರುಳಿಗೆ ರಕ್ತ ಸಾಲದೆ ಒಳಪದರ ಸಾಯುತ್ತದೆ. ಎಲ್‌ಪಿಎಸ್‌ಗಿಂತ ಅದು ಎಬ್ಬಿಸುವ ಗಲಾಟೆಯೇ ಇಲಿಯನ್ನು ಕೊಲ್ಲುವುದು. ಜೆ ಇಲಿಯ ನಾಯಿ ಬಾಯಿಯೇ ಬಿಡುವುದಿಲ್ಲ.

ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಕರುಳು ಕೊಳೆಯುವ ಎನ್‌ಇಸಿ ಅನ್ನೋ ಕಾಯಿಲೆ ಬರುತ್ತದೆ. ಅದನ್ನೇ ಇಲಿಮರಿಗಳಿಗೆ ತರಿಸಿದಾಗಲೂ ಜೆ ಮರಿಗಳ ಕರುಳು ಬಹುಮಟ್ಟಿಗೆ ಉಳಿಯಿತು.

ಹಾಗಾದರೆ ನಮ್ಮ ನಾಯಿಯ ಬಾಯಿಯನ್ನೂ ಕಟ್ಟಿದರೆ ಆಯ್ತು, ಅಲ್ವಾ? ಅದೂ ಆಗಿದೆ. ಟಿಎಲ್‌ಆರ್4 ತಡೆಯುವ ಎರಿಟೋರಾನ್ ಅನ್ನೋ ಔಷಧಿಯನ್ನು ತೀವ್ರ ಸೆಪ್ಸಿಸ್ (ಸೋಂಕಿಗೆ ದೇಹವೇ ಅತಿಯಾಗಿ ಸಿಡಿದೇಳುವ ಸ್ಥಿತಿ) ಇದ್ದ ಸುಮಾರು 2,000 ರೋಗಿಗಳ ಮೇಲೆ ಪರೀಕ್ಷಿಸಿದರು. 2013ರಲ್ಲಿ ಫಲಿತಾಂಶ ಬಂತು. ಸಾವು ಕಡಿಮೆಯಾಗಲಿಲ್ಲ. ರೋಗಿ ಆಸ್ಪತ್ರೆ ಸೇರುವಷ್ಟರಲ್ಲಿ ನಾಯಿ ಬೊಗಳಿ ಮುಗಿದಿರುತ್ತದೆ ಅನ್ನೋದು ನನ್ನ ಊಹೆ.

ಜೆ ಇಲಿಗೂ ಪೂರ್ತಿ ನೆಮ್ಮದಿಯಿಲ್ಲ. ಜೀವಂತ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊಕ್ಕರೆ ಎನ್ ಇಲಿಗಿಂತ ಬೇಗ ಸಾಯುತ್ತದೆ. ಕಳ್ಳ ಒಳಗೆ ಬಂದದ್ದೇ ಅದಕ್ಕೆ ತಿಳಿಯುವುದಿಲ್ಲ, ಪಾಪ.

ಅಂದಹಾಗೆ, ಆ ತಪ್ಪು ಆರ್ಡರಿನ ಇಲಿಗಳನ್ನು ಗೈಡ್ ವಾಪಸ್ ಕಳಿಸಲಿಲ್ಲ. ಎನ್ ಪಂಜರದ ಪಕ್ಕದಲ್ಲೇ ಇಡಿಸಿದರು. ಈಗ ಅವೇ ನನ್ನ ಕಂಟ್ರೋಲ್, ಅಂದರೆ ಹೋಲಿಸಿ ನೋಡುವ ಗುಂಪು.