‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುವುದೇಕೆ? ಇನ್‌ಡಿಸೈನ್‌ನಲ್ಲಿ ಒತ್ತಕ್ಷರದ ತೊಂದರೆಗಳು

[ತೆರೆಯ ಮೇಲೆ: ಪುಟದಲ್ಲಿ ‘ಕನ್‌ನಡ’]

ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಪುಟ ಕಟ್ಟಿದ್ದೀರಿ, ಒತ್ತುಗಳೆಲ್ಲ ಬಿಡಿಬಿಡಿಯಾಗಿ ನಿಂತಿವೆ. ಫಾಂಟ್ ಬದಲಿಸಲು ಹೋಗಬೇಡಿ. ಮೊದಲು ಆ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ.

ಅಲ್ಲಿ ‘ಕನ್ನಡ’ ಎಂದೇ ಕಂಡರೆ ಪಠ್ಯ ಸರಿಯಿದೆ. ಯೂನಿಕೋಡ್‌ನಲ್ಲಿ ‘ನ್ನ’ ಅಂದರೆ ನ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ‘್’ ಗುರುತು), ನ: ಮೂರು ಸಂಕೇತ. ಅವನ್ನು ಒತ್ತಾಗಿ ಕೂಡಿಸುವುದು ರೋಮನ್ ಲಿಪಿಯ ಕಂಪೋಸರ್‌ಗೆ, ಅಂದರೆ ಇನ್‌ಡಿಸೈನ್‌ನಲ್ಲಿ ಅಕ್ಷರ ಜೋಡಿಸುವ ಭಾಗಕ್ಕೆ, ಬರುವುದಿಲ್ಲ. ಪ್ಯಾರಾಗ್ರಾಫ್ ಸ್ಟೈಲ್ ಆಪ್ಷನ್ಸ್ ತೆರೆದು, ಜಸ್ಟಿಫಿಕೇಶನ್‌ನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಸ್ಟೈಲ್‌ನಲ್ಲೇ ಬದಲಿಸಿ, ಒಂದೇ ಪ್ಯಾರಾದಲ್ಲಿ ಬದಲಿಸಿದರೆ ಮುಂದಿನ ಲೇಖನ ತಂದಾಗ ಮತ್ತೆ ಒಡೆಯುತ್ತದೆ.

[ತೆರೆಯ ಮೇಲೆ: ನೋಟ್‌ಪ್ಯಾಡ್‌ನಲ್ಲಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು]

ನೋಟ್‌ಪ್ಯಾಡ್‌ನಲ್ಲಿ ಹೀಗೆ ಕಂಡರೆ ಅದು ‘ನುಡಿ’ ತಂತ್ರಾಂಶದಲ್ಲಿರುವಂಥ ಹಳೆಯ ಆಸ್ಕಿ ಫಾಂಟಿನ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟಿನ ಪಠ್ಯ. ಅಲ್ಲಿ ‘ಕ’ ಇರುವುದು ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿ, ಪಕ್ಕದಲ್ಲಿ ತಲೆಕಟ್ಟಿಗೇ ಇನ್ನೊಂದು ಸಂಕೇತ. ಕಂಪೋಸರ್ ಇಲ್ಲಿ ಏನೂ ಮಾಡಲಾರದು, ಪಠ್ಯವನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು.

ಪರಿವರ್ತನೆಯಲ್ಲೇ ‘ಕನಾರ್ಟಕ’ ಹುಟ್ಟುವುದು. ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕಡೆಯೇ, ಅಂದರೆ ‘ನಾ’ ಆದ ಮೇಲೆ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ‘ರ್’ ಮೊದಲು, ‘ನಾ’ ಆಮೇಲೆ. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ರ್’ ಹೋಗಿ ‘ಟ’ಕ್ಕೆ ಅಂಟುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ. ಸ್ಪೆಲ್‌ಚೆಕ್ ನಂಬದೆ ‘ಮರ್’, ‘ನಾರ್’ ಎಂದು ಹುಡುಕಿ, ಒಂದೊಂದನ್ನೂ ಕಣ್ಣಲ್ಲಿ ನೋಡಿ.

ಇನ್ನೊಂದು ಕಳ್ಳ ತಪ್ಪಿದೆ. ಅರ್ಕಾವತ್ತಿನ ಬದಲು ಕನ್ನಡದ ಅಂಕಿ ಒಂಬತ್ತು, ಅನುಸ್ವಾರದ ಬದಲು ಅಂಕಿಯ ಸೊನ್ನೆ: ‘ಕನಾ೯ಟಕ’, ‘ಬೆ೦ಗಳೂರು’. ಅಚ್ಚಿನಲ್ಲಿ ಗೊತ್ತೇ ಆಗದು, ಆದರೆ ‘ಬೆಂಗಳೂರು’ ಎಂದು ಹುಡುಕಿದವರಿಗೆ ಈ ಪದ ಸಿಗುವುದಿಲ್ಲ.

[ತೆರೆಯ ಮೇಲೆ: ‘ರ್ಯಾಂಕ್’, ‘ರ‍್ಯಾಂಕ್’]

ಕೊನೆಯದು ‘ರ‍್ಯಾಂಕ್’. ‘ರ’ ಅರ್ಕಾವತ್ತಾಗದೆ ಪೂರ್ತಿ ಉಳಿಯಬೇಕಾದರೆ ‘ರ’ ಮತ್ತು ವಿರಾಮದ ನಡುವೆ ಕಾಣದ ಕೂಡುಗುರುತು, ಝಡ್‌ಡಬ್ಲ್ಯುಜೆ, ಇರಬೇಕು. ವರ್ಡ್‌ನಲ್ಲಿ ‘ರ’ ಬರೆದು, 200ಡಿ ಒತ್ತಿ (ಡಿ ಇಂಗ್ಲಿಷಿನದು), ಆಲ್ಟ್ ಮತ್ತು ಎಕ್ಸ್ ಒತ್ತಿ, ನಂತರ ವಿರಾಮ ಮತ್ತು ‘ಯಾ’. ಹಳೆಯ ಕಡತದಲ್ಲಿ ಬದಲಿಸುವಾಗ ‘ರ್ಯಾ’ಗೆ ಮೊದಲು ಒಂದು ಸ್ಪೇಸ್ ಸೇರಿಸಿ ಹುಡುಕಿ. ಸುಮ್ಮನೆ ‘ಚೇಂಜ್ ಆಲ್’ ಕೊಟ್ಟರೆ ‘ಕಾರ್ಯಾಲಯ’, ‘ಸೂರ್ಯಾಸ್ತ’ ಎರಡೂ ಕೆಡುತ್ತವೆ. ಪ್ಯಾರಾದ ಮೊದಲಲ್ಲಿ, ಉದ್ಧರಣ ಚಿಹ್ನೆಯ ಪಕ್ಕದಲ್ಲಿ ಇರುವವು ಈ ಹುಡುಕಾಟಕ್ಕೆ ಸಿಗುವುದಿಲ್ಲ, ಅವನ್ನು ಕೈಯಿಂದಲೇ ತಿದ್ದಿ.